ಸುಳ್ಳು ಪತ್ತೆ ಯಂತ್ರದಿಂದ ಸತ್ಯದ ಹಗ್ಗದವರೆಗೆ: ವಂಡರ್ ವುಮನ್‌ಳನ್ನು ಸೃಷ್ಟಿಸಿದ ಮನಃಶಾಸ್ತ್ರಜ್ಞ

ಹಳೆಯ ಕಾಮಿಕ್ಸ್ ಸಂಗ್ರಹಿಸುವವರ ನಡುವೆ ಒಂದು ಮಾತು ಪ್ರಚಲಿತದಲ್ಲಿದೆ. ವಂಡರ್ ವುಮನ್ ಕೈಯಲ್ಲಿರುವ ಚಿನ್ನದ ಹಗ್ಗಕ್ಕೆ ಸಿಕ್ಕಿದವರು ಸುಳ್ಳು ಹೇಳಲಾರರು. ಏಕೆಂದರೆ ಅವಳನ್ನು ಸೃಷ್ಟಿಸಿದವರೇ ಸುಳ್ಳು ಪತ್ತೆ ಯಂತ್ರ ಕಂಡುಹಿಡಿದವರು. ಕೇಳಲು ಸೊಗಸಾದ ಈ ಕಥೆಯಲ್ಲಿ ಅರ್ಧ ಮಾತ್ರ ನಿಜ. ಆ ವ್ಯಕ್ತಿಯ ಹೆಸರು ವಿಲಿಯಂ ಮೌಲ್ಟನ್ ಮಾರ್ಸ್ಟನ್. ಅವರ ಬದುಕನ್ನು ನೋಡುತ್ತ ಹೋದರೆ ರಕ್ತದೊತ್ತಡ, ನ್ಯಾಯಾಲಯ, ಕಾಮಿಕ್ಸ್ ಮತ್ತು ಒಂದು ಮನೆಯ ಗುಟ್ಟು ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿರುವುದು ಕಾಣುತ್ತದೆ. ಆ ಎಳೆಗಳಲ್ಲಿ ಒಂದು ಕರ್ನಾಟಕದವರೆಗೂ ಬಂದಿದೆ. ಈ ಲೇಖನದಲ್ಲಿ ನಾವು ಆ ಬದುಕನ್ನು ತಿಳಿದುಕೊಳ್ಳುತ್ತ, ಅದರ ಸುತ್ತ ಬೆಳೆದಿರುವ ಕೆಲವು ತಪ್ಪು ನಂಬಿಕೆಗಳನ್ನೂ ಪರಿಶೀಲಿಸೋಣ.

ಹಾರ್ವರ್ಡ್‌ನ ಪ್ರಯೋಗಾಲಯದಲ್ಲಿ

ಮಾರ್ಸ್ಟನ್ ಹುಟ್ಟಿದ್ದು 1893ರ ಮೇ 9ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸಾಗಸ್ ಎಂಬ ಊರಿನಲ್ಲಿ. ಓದಿದ್ದೆಲ್ಲ ಹಾರ್ವರ್ಡ್‌ನಲ್ಲಿ. 1915ರಲ್ಲಿ ಪದವಿ, 1918ರಲ್ಲಿ ಕಾನೂನು ಪದವಿ, 1921ರಲ್ಲಿ ಮನಃಶಾಸ್ತ್ರದಲ್ಲಿ ಡಾಕ್ಟರೇಟ್. ಅಲ್ಲಿ ಅವರಿಗೆ ಗುರುವಾಗಿ ಸಿಕ್ಕವರು ಹ್ಯೂಗೊ ಮುನ್‌ಸ್ಟರ್‌ಬರ್ಗ್ ಎಂಬ ಜರ್ಮನ್ ಮನಃಶಾಸ್ತ್ರಜ್ಞ. ಸಾಕ್ಷಿಗಳ ನೆನಪು ಎಷ್ಟು ನಂಬಲರ್ಹ, ಮನಸ್ಸಿನ ಕಳವಳ ದೇಹದ ಮೇಲೆ ಹೇಗೆ ಕಾಣಿಸುತ್ತದೆ ಎಂಬ ಪ್ರಶ್ನೆಗಳನ್ನು ನ್ಯಾಯಾಲಯದ ಹೊಸ್ತಿಲಿಗೆ ತಂದವರಲ್ಲಿ ಮುನ್‌ಸ್ಟರ್‌ಬರ್ಗ್ ಮೊದಲಿಗರು.

1915ರಲ್ಲಿ ಮಾರ್ಸ್ಟನ್ ಎಲಿಜಬೆತ್ ಹಾಲೋವೇ ಅವರನ್ನು ಮದುವೆಯಾದರು. ಹಾರ್ವರ್ಡ್ ಕಾನೂನು ಶಾಲೆ ಆಗ ಹೆಣ್ಣುಮಕ್ಕಳಿಗೆ ಪ್ರವೇಶ ಕೊಡುತ್ತಿರಲಿಲ್ಲ. ಎಲಿಜಬೆತ್ ಬಾಸ್ಟನ್ ವಿಶ್ವವಿದ್ಯಾಲಯಕ್ಕೆ ಹೋದರು. ತಂದೆ ಶುಲ್ಕ ಕೊಡಲು ಒಪ್ಪದಿದ್ದಾಗ ಅಡುಗೆ ಪುಸ್ತಕಗಳನ್ನು ಮಾರಿ ಹಣ ಹೊಂದಿಸಿಕೊಂಡರು. ಗಂಡ ಕಾನೂನು ಪದವಿ ಪಡೆದ 1918ರಲ್ಲೇ ಅವರೂ ಪಡೆದರು. ಮುಂದೆ ಮನಃಶಾಸ್ತ್ರದಲ್ಲೂ ಸ್ನಾತಕೋತ್ತರ ಪದವಿ ಗಳಿಸಿದರು.

ಕೋಪ ಬಂದಾಗ, ಮನಸ್ಸು ಉದ್ವೇಗಗೊಂಡಾಗ ತನ್ನ ರಕ್ತದೊತ್ತಡ ಏರುತ್ತದೆ ಎಂದು ಎಲಿಜಬೆತ್ ಗಂಡನ ಗಮನಕ್ಕೆ ತಂದರೆಂದೂ, ಮಾರ್ಸ್ಟನ್ ಅವರ ಸಂಶೋಧನೆಗೆ ಅದೇ ಬೀಜವಾಯಿತೆಂದೂ ಅವರ ಕುಟುಂಬದವರು ಹೇಳುತ್ತ ಬಂದಿದ್ದಾರೆ. ಅವರ ಪ್ರಯೋಗ ಸರಳವಾಗಿತ್ತು. ಒಬ್ಬ ವಿದ್ಯಾರ್ಥಿಗೆ ನಿಜ ಅಥವಾ ಸುಳ್ಳು ಕಥೆಯೊಂದನ್ನು ಹೇಳಲು ಬಿಡುವುದು, ಅವನ ತೋಳಿಗೆ ಪಟ್ಟಿ ಕಟ್ಟಿ ನಡುನಡುವೆ ಸಂಕೋಚನ ರಕ್ತದೊತ್ತಡ ಅಳೆಯುವುದು. ಹೃದಯ ಹಿಂಡಿಕೊಂಡು ರಕ್ತವನ್ನು ಹೊರದೂಡುವಾಗ ಇರುವ ಒತ್ತಡ ಇದು. ವೈದ್ಯರು 120/80 ಎಂದು ಬರೆಯುವಾಗ ಮೇಲೆ ಬರುವ ಸಂಖ್ಯೆ. ಸುಳ್ಳು ಹೇಳುವಾಗ ಈ ಸಂಖ್ಯೆ ಏರುತ್ತದೆ, ಅದನ್ನು ನೋಡಿ 90ಕ್ಕೂ ಹೆಚ್ಚು ಪ್ರತಿಶತ ಸಂದರ್ಭಗಳಲ್ಲಿ ಸುಳ್ಳನ್ನು ಗುರುತಿಸಬಹುದು ಎಂದು ಮಾರ್ಸ್ಟನ್ 1917ರ ತಮ್ಮ ಪ್ರಬಂಧದಲ್ಲಿ ವಾದಿಸಿದರು.

ಇಲ್ಲೇ ಒಂದು ದೊಡ್ಡ ತೊಡಕಿದೆ. ಸಂಖ್ಯೆ ಏರುವುದು ನಿಜ, ಆದರೆ ಅದು ಏರುವುದು ಸುಳ್ಳಿನಿಂದ ಮಾತ್ರವಲ್ಲ. ಭಯ, ಅವಮಾನ, ಸಿಟ್ಟು, ನೋವು, ಬಿರುಸಾದ ನಡಿಗೆ, ಒಂದು ಲೋಟ ಗಟ್ಟಿ ಕಾಫಿ, ಎಲ್ಲವೂ ಅದನ್ನು ಏರಿಸಬಲ್ಲವು. ಮನೆಯಲ್ಲಿ ಸರಿಯಿರುವ ರಕ್ತದೊತ್ತಡ ಆಸ್ಪತ್ರೆಯಲ್ಲಿ ಹೆಚ್ಚಾಗಿ ಕಾಣುವುದನ್ನು ನಮ್ಮಲ್ಲಿ ಹಲವರು ಕಂಡಿರುತ್ತೇವೆ. ವೈದ್ಯರ ಬಿಳಿ ಕೋಟು ಕಂಡೊಡನೆ ಉಂಟಾಗುವ ಈ ಏರಿಕೆಗೆ ವೈದ್ಯಶಾಸ್ತ್ರದಲ್ಲಿ ಬೇರೆಯೇ ಹೆಸರಿದೆ. ಅದಕ್ಕಾಗಿಯೇ ಅಳೆಯುವ ಮೊದಲು 5 ನಿಮಿಷ ಸುಮ್ಮನೆ ಕುಳಿತಿರಲು ಹೇಳುತ್ತಾರೆ. ವೈದ್ಯರ ಮುಂದೆ ಹೀಗಾಗುವುದಾದರೆ, ಕೊಲೆ ಆರೋಪ ಹೊತ್ತು ಪೊಲೀಸರ ಮುಂದೆ ಕುಳಿತವನ ಪಾಡೇನು?

ಒಂದು ಕೊಲೆ ಮೊಕದ್ದಮೆ

ಈ ಪ್ರಶ್ನೆ ನಿಜವಾಗಿಯೇ ಎದುರಾಯಿತು. 1920ರಲ್ಲಿ ವಾಷಿಂಗ್ಟನ್ ನಗರದಲ್ಲಿ ರಾಬರ್ಟ್ ಬ್ರೌನ್ ಎಂಬ ಕಪ್ಪು ವೈದ್ಯರ ಕೊಲೆಯಾಯಿತು. ಜೇಮ್ಸ್ ಅಲ್ಫಾನ್ಸೊ ಫ್ರೈ ಎಂಬ ಕಪ್ಪು ಯುವಕ ತಪ್ಪೊಪ್ಪಿಕೊಂಡು, ಆಮೇಲೆ ಆ ಹೇಳಿಕೆಯನ್ನು ಹಿಂತೆಗೆದುಕೊಂಡ. ಆಗ ಅದೇ ನಗರದಲ್ಲಿ ಪಾಠ ಹೇಳುತ್ತಿದ್ದ ಮಾರ್ಸ್ಟನ್ 1922ರಲ್ಲಿ ಅವನನ್ನು ಪರೀಕ್ಷಿಸಿ, ತಾನು ಕೊಂದಿಲ್ಲ ಎಂಬ ಅವನ ಮಾತು ನಿಜ ಎಂಬ ತೀರ್ಮಾನಕ್ಕೆ ಬಂದರು. ಫ್ರೈ ಪರ ವಕೀಲರು ಇದನ್ನು ಸಾಕ್ಷ್ಯವಾಗಿ ಮುಂದಿಟ್ಟರು. ನ್ಯಾಯಾಧೀಶರು ಒಪ್ಪಲಿಲ್ಲ. ಫ್ರೈಗೆ ಜೀವಾವಧಿ ಶಿಕ್ಷೆಯಾಯಿತು.

ಮೇಲ್ಮನವಿ ನ್ಯಾಯಾಲಯ 1923ರ ಡಿಸೆಂಬರ್‌ನಲ್ಲಿ ಕೊಟ್ಟ ತೀರ್ಪು ತುಂಬ ಚಿಕ್ಕದು. ಹೊಸ ವೈಜ್ಞಾನಿಕ ವಿಧಾನವೊಂದು ಆ ಕ್ಷೇತ್ರದ ತಜ್ಞರಲ್ಲಿ ವ್ಯಾಪಕ ಮನ್ನಣೆ ಪಡೆದ ಮೇಲೆ ಮಾತ್ರ ನ್ಯಾಯಾಲಯದೊಳಗೆ ಬರಬಹುದು ಎಂಬುದು ಅದರ ಸಾರ. ಫ್ರೈ ನಿಯಮ ಎಂದೇ ಹೆಸರಾದ ಇದು ಮುಂದಿನ 70 ವರ್ಷ ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿ ವೈಜ್ಞಾನಿಕ ಸಾಕ್ಷ್ಯಕ್ಕೆ ಅಳತೆಗೋಲಾಯಿತು. ಕೆಲವು ರಾಜ್ಯಗಳಲ್ಲಿ ಇಂದಿಗೂ ಇದೆ. ತನ್ನ ವಿಜ್ಞಾನವನ್ನು ನ್ಯಾಯಾಲಯ ಒಪ್ಪಬೇಕೆಂದು ಬಯಸಿದ ಮಾರ್ಸ್ಟನ್, ತಮಗೆ ಅರಿವಿಲ್ಲದೆಯೇ ಅರೆಬೆಂದ ವಿಜ್ಞಾನವನ್ನು ಹೊರಗಿಡುವ ಬಾಗಿಲಿಗೆ ಕಾರಣರಾದರು.

ಮುಂದೆ ನಿಜವಾದ ಕೊಲೆಗಾರ ತಪ್ಪೊಪ್ಪಿಕೊಂಡ, ಫ್ರೈ ನಿರ್ದೋಷಿಯಾಗಿ ಹೊರಬಂದ, ಮಾರ್ಸ್ಟನ್ ಹೇಳಿದ್ದೇ ಸರಿಯಾಯಿತು ಎಂಬ ಕಥೆ ಎಷ್ಟೋ ಬರಹಗಳಲ್ಲಿ ಸಿಗುತ್ತದೆ. ಇದಕ್ಕೆ ಆಧಾರವಿಲ್ಲ. ಫ್ರೈ ವರ್ಷಗಟ್ಟಲೆ ಸೆರೆಯಲ್ಲಿದ್ದು, ಪೆರೋಲ್ ಮೇಲೆ ಹೊರಬಂದ. ಅವನು ಕೊಂದನೋ ಇಲ್ಲವೋ ಎಂಬುದನ್ನು ಆ ತೋಳುಪಟ್ಟಿ ಅಂದೂ ಸಾಬೀತು ಮಾಡಲಿಲ್ಲ.

ವಿಜ್ಞಾನವೋ, ಪ್ರದರ್ಶನವೋ?

1923 ಮಾರ್ಸ್ಟನ್ ಅವರಿಗೆ ಒಳ್ಳೆಯ ವರ್ಷವಾಗಿರಲಿಲ್ಲ. ಹಳೆಯ ವ್ಯಾಪಾರವೊಂದಕ್ಕೆ ಸಂಬಂಧಿಸಿದ ವಂಚನೆ ಆರೋಪದ ಮೇಲೆ ಅವರನ್ನು ಬಂಧಿಸಲಾಯಿತು. ಆರೋಪ ಬಿದ್ದುಹೋದರೂ ಹೆಸರಿಗೆ ಮಸಿ ಬಳಿದಾಗಿತ್ತು. ಆಮೇಲೆ ಅವರು ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಅಲೆದರು, ಎಲ್ಲೂ ಬಹುಕಾಲ ನಿಲ್ಲಲಿಲ್ಲ. ಬದಲಿಗೆ ಪತ್ರಿಕೆಗಳ ಗಮನ ಸೆಳೆಯುವುದು ಅವರಿಗೆ ಚೆನ್ನಾಗಿ ಒಲಿಯಿತು.

1928ರಲ್ಲಿ ನ್ಯೂಯಾರ್ಕ್‌ನ ಚಿತ್ರಮಂದಿರವೊಂದರಲ್ಲಿ ರಂಗನಟಿಯರನ್ನು ಸಾಲಾಗಿ ಕೂರಿಸಿ, ಸಿನಿಮಾ ತೋರಿಸುತ್ತ ರಕ್ತದೊತ್ತಡ ಅಳೆದರು. ಹೊಂಬಣ್ಣದ ಕೂದಲಿನವರಿಗಿಂತ ಕಪ್ಪು, ಕಂದು ಕೂದಲಿನವರು ಬೇಗ ಭಾವಪರವಶರಾಗುತ್ತಾರೆ ಎಂದು ಘೋಷಿಸಿದರು. ಪತ್ರಿಕೆಗಳಿಗೆ ಹಬ್ಬ. ವಿಜ್ಞಾನದ ದೃಷ್ಟಿಯಿಂದ ಇದಕ್ಕೆ ಬೆಲೆಯಿಲ್ಲ. ಕೆಲವೇ ಮಂದಿ, ನೆರೆದ ಪತ್ರಕರ್ತರ ಗುಂಪು, ಮೊದಲೇ ಊಹಿಸಿಕೊಂಡ ಉತ್ತರ. ಪ್ರಯೋಗ ಹೇಗೆ ಮಾಡಬಾರದು ಎಂಬುದಕ್ಕೆ ಇದೊಂದು ಪಾಠ. ಹತ್ತು ವರ್ಷಗಳ ನಂತರ ಅವರು ಜಿಲೆಟ್ ಬ್ಲೇಡಿನ ಜಾಹೀರಾತಿನಲ್ಲೂ ಸುಳ್ಳು ಪತ್ತೆ ಯಂತ್ರದೊಡನೆ ಕಾಣಿಸಿಕೊಂಡರು.

ಅದೇ 1928ರಲ್ಲಿ ಅವರು ಸಾಮಾನ್ಯ ಜನರ ಭಾವನೆಗಳನ್ನು ಕುರಿತು ಒಂದು ಗಂಭೀರ ಪುಸ್ತಕವನ್ನೂ ಬರೆದರು. ಮನುಷ್ಯನ ನಡವಳಿಕೆಯನ್ನು ಪ್ರಾಬಲ್ಯ, ಪ್ರೇರಣೆ, ಶರಣಾಗತಿ, ಹೊಂದಾಣಿಕೆ ಎಂಬ ನಾಲ್ಕು ಮುಖಗಳಲ್ಲಿ ವಿವರಿಸಿದರು. ಕಂಪನಿಗಳ ತರಬೇತಿ ಶಿಬಿರಗಳಲ್ಲಿ ಇಂದು ಕೊಡುವ ಡಿಸ್ಕ್ ವ್ಯಕ್ತಿತ್ವ ಪರೀಕ್ಷೆಯ ಮೂಲ ಇದೇ. ಆದರೆ ಆ ಪರೀಕ್ಷೆಯನ್ನು ಮಾರ್ಸ್ಟನ್ ರೂಪಿಸಲಿಲ್ಲ. ಅವರ ಸಿದ್ಧಾಂತ ಹಿಡಿದುಕೊಂಡು ಬೇರೆಯವರು ನಂತರ ಪ್ರಶ್ನಾವಳಿಗಳನ್ನು ತಯಾರಿಸಿದರು.

ಒಂದೇ ಮನೆ, ಇಬ್ಬರು ತಾಯಂದಿರು

ಬಾಸ್ಟನ್ ಬಳಿಯ ಟಫ್ಟ್ಸ್‌ನಲ್ಲಿ ಕಲಿಸುತ್ತಿದ್ದಾಗ ಮಾರ್ಸ್ಟನ್ ಅವರಿಗೆ ಆಲಿವ್ ಬರ್ನ್ ಎಂಬ ವಿದ್ಯಾರ್ಥಿನಿಯ ಪರಿಚಯವಾಯಿತು. ಆಲಿವ್ ಅವರ ತಾಯಿ ಎಥೆಲ್ ಬರ್ನ್, ದೊಡ್ಡಮ್ಮ ಮಾರ್ಗರೆಟ್ ಸ್ಯಾಂಗರ್. ಈ ಅಕ್ಕತಂಗಿಯರು 1916ರಲ್ಲಿ ಬ್ರೂಕ್ಲಿನ್‌ನಲ್ಲಿ ಅಮೆರಿಕದ ಮೊದಲ ಗರ್ಭನಿರೋಧ ಚಿಕಿತ್ಸಾಲಯ ತೆರೆದು ಜೈಲಿಗೆ ಹೋದವರು. ಜೈಲಿನಲ್ಲಿ ಎಥೆಲ್ ಉಪವಾಸ ಸತ್ಯಾಗ್ರಹವನ್ನೂ ಮಾಡಿದ್ದರು.

ಮುಂದೆ ಮಾರ್ಸ್ಟನ್, ಎಲಿಜಬೆತ್, ಆಲಿವ್ ಮೂವರೂ ಒಂದೇ ಮನೆಯಲ್ಲಿ ಬಾಳಿದರು. ಎಲಿಜಬೆತ್‌ಗೆ ಇಬ್ಬರು ಮಕ್ಕಳು, ಆಲಿವ್‌ಗೆ ಇಬ್ಬರು. ಎಲಿಜಬೆತ್ ಕೆಲಸಕ್ಕೆ ಹೋಗಿ ದುಡಿದರು; ಮಾರ್ಸ್ಟನ್‌ಗೆ ಸ್ಥಿರವಾದ ಕೆಲಸವಿಲ್ಲದ ವರ್ಷಗಳಲ್ಲಿ ಮನೆ ನಡೆದದ್ದು ಅವರ ಸಂಬಳದಿಂದ. ನಾಲ್ಕೂ ಮಕ್ಕಳನ್ನು ಸಾಕಿದವರು ಆಲಿವ್. ಹೊರಗಿನವರಿಗೆ ಆಲಿವ್ ಗಂಡನನ್ನು ಕಳೆದುಕೊಂಡವರು ಎಂದು ಹೇಳಲಾಗುತ್ತಿತ್ತು. ಅವರ ಗಂಡುಮಕ್ಕಳಿಗೂ ತಮ್ಮ ತಂದೆ ಯಾರೆಂಬುದು ತಿಳಿದದ್ದು ದೊಡ್ಡವರಾದ ಮೇಲೆಯೇ. ಸುಳ್ಳನ್ನು ಪತ್ತೆಹಚ್ಚುವುದರಲ್ಲಿ ಪರಿಣತನೆಂದು ಹೇಳಿಕೊಂಡವರ ಮನೆ ನಿಂತದ್ದೇ ಒಂದು ಸುಳ್ಳಿನ ಮೇಲೆ. ಇಲ್ಲಿ ನಾವು ತೀರ್ಪು ಕೊಡಲು ಹೊರಟಿಲ್ಲ. ಅಂದಿನ ಸಮಾಜದಲ್ಲಿ ನಿಜ ಹೊರಬಿದ್ದಿದ್ದರೆ ಎಲಿಜಬೆತ್ ಅವರ ಕೆಲಸ, ಮಕ್ಕಳ ಶಾಲೆ ಎಲ್ಲವೂ ಅಪಾಯಕ್ಕೆ ಸಿಲುಕುತ್ತಿದ್ದವು. ಮುಗ್ಧರೂ ಭಯದಿಂದ ಸುಳ್ಳು ಹೇಳುತ್ತಾರೆ ಎಂಬುದನ್ನು ಆ ಮನೆಗಿಂತ ಚೆನ್ನಾಗಿ ಬಲ್ಲ ಮನೆ ಇರಲಿಲ್ಲ.

ಆಲಿವ್ ಎರಡೂ ಕೈಗಳಿಗೆ ಅಗಲವಾದ ಕಡಗಗಳನ್ನು ತೊಡುತ್ತಿದ್ದರು. ಆ ಕಡಗಗಳನ್ನು ಮುಂದೆ ಜಗತ್ತೇ ನೋಡಿತು.

10 ಸೆಂಟಿನ ಪುಸ್ತಕದಲ್ಲಿ ಹೊಸ ನಾಯಕಿ

1940ರಲ್ಲಿ ಆಲಿವ್ ಬೇರೆ ಹೆಸರಿನಲ್ಲಿ ಫ್ಯಾಮಿಲಿ ಸರ್ಕಲ್ ಪತ್ರಿಕೆಗಾಗಿ ಮಾರ್ಸ್ಟನ್ ಅವರನ್ನೇ ಸಂದರ್ಶಿಸಿದರು. ಕಾಮಿಕ್ಸ್‌ಗಳಿಂದ ಮಕ್ಕಳು ಕೆಡುತ್ತಾರೆ ಎಂದು ಅನೇಕರು ಗುಲ್ಲೆಬ್ಬಿಸಿದ್ದ ಕಾಲ ಅದು. ಈ ಮಾಧ್ಯಮಕ್ಕೆ ಒಳಿತು ಮಾಡುವ ಶಕ್ತಿಯೂ ಇದೆ ಎಂದು ಮಾರ್ಸ್ಟನ್ ಅಭಿಪ್ರಾಯಪಟ್ಟರು. ಅದನ್ನು ಗಮನಿಸಿದ ಪ್ರಕಾಶಕ ಮ್ಯಾಕ್ಸ್‌ವೆಲ್ ಚಾರ್ಲ್ಸ್ ಗೇನ್ಸ್ ಅವರನ್ನು ಸಲಹೆಗಾರರನ್ನಾಗಿ ಸೇರಿಸಿಕೊಂಡರು. ಗುದ್ದಾಟಕ್ಕಿಂತ ಪ್ರೀತಿಯಿಂದ ಗೆಲ್ಲುವ ನಾಯಕ ಬೇಕೆಂದು ಮಾರ್ಸ್ಟನ್ ಯೋಚಿಸಿದಾಗ, ಅದು ಹೆಣ್ಣಾಗಿರಲಿ ಎಂದವರು ಎಲಿಜಬೆತ್.

ಗೇನ್ಸ್ ಹೆಸರಿನ ಚಾರ್ಲ್ಸ್ ಮತ್ತು ತಮ್ಮ ಹೆಸರಿನ ಮೌಲ್ಟನ್ ಸೇರಿಸಿ ಚಾರ್ಲ್ಸ್ ಮೌಲ್ಟನ್ ಎಂಬ ಹೆಸರಿನಲ್ಲಿ ಮಾರ್ಸ್ಟನ್ ಬರೆದರು. ಚಿತ್ರ ಬಿಡಿಸಿದವರು ಹ್ಯಾರಿ ಜಿ. ಪೀಟರ್. ಆಲ್ ಸ್ಟಾರ್ ಕಾಮಿಕ್ಸ್‌ನ 8ನೇ ಸಂಚಿಕೆಯಲ್ಲಿ 9 ಪುಟಗಳ ಕಥೆಯಾಗಿ ವಂಡರ್ ವುಮನ್ ಮೊದಲು ಕಾಣಿಸಿಕೊಂಡಳು. ಆಮೇಲೆ ಸೆನ್ಸೇಷನ್ ಕಾಮಿಕ್ಸ್‌ನ ಮೊದಲ ಸಂಚಿಕೆ, 1942ರ ಬೇಸಿಗೆಯಲ್ಲಿ ಅವಳದೇ ಹೆಸರಿನ ಪುಸ್ತಕ. ಅದರಲ್ಲಿ ಇತಿಹಾಸದ ಧೀಮಂತ ಮಹಿಳೆಯರ ಕಥೆಗಳೂ ಬರುತ್ತಿದ್ದವು. ಮೊದಲನೆಯದು ಫ್ಲಾರೆನ್ಸ್ ನೈಟಿಂಗೇಲ್ ಅವರದು.

ಟೀಕೆಗಳೂ ಬಂದವು. ನಾಯಕಿಯನ್ನು ಮತ್ತೆ ಮತ್ತೆ ಸರಪಳಿಯಲ್ಲಿ ಕಟ್ಟಿಹಾಕುವ ಚಿತ್ರಗಳನ್ನು ಪ್ರಕಾಶಕರ ಸಲಹಾ ಮಂಡಳಿಯಲ್ಲಿದ್ದ ಜೋಸೆಟ್ ಫ್ರ್ಯಾಂಕ್ ಬಲವಾಗಿ ವಿರೋಧಿಸಿದರು. ಸರಪಳಿ ಹರಿದುಕೊಳ್ಳುವುದು ಸ್ತ್ರೀಯರ ಬಿಡುಗಡೆಯ ಸಂಕೇತ ಎಂಬುದು ಮಾರ್ಸ್ಟನ್ ಅವರ ಸಮರ್ಥನೆ. ಮತದಾನದ ಹಕ್ಕಿಗಾಗಿ ಹೋರಾಡಿದವರ ವ್ಯಂಗ್ಯಚಿತ್ರಗಳಲ್ಲಿ ಆ ಸಂಕೇತ ನಿಜವಾಗಿಯೂ ಇತ್ತು. ಹಾಗೆಂದು ಫ್ರ್ಯಾಂಕ್ ಅವರ ಆಕ್ಷೇಪ ಹುರುಳಿಲ್ಲದ್ದು ಎನ್ನಲಾಗದು. ಹಳೆಯ ಸಂಚಿಕೆಗಳನ್ನು ತಿರುವಿದರೆ ಸರಪಳಿಗಳು ಸಂಕೇತಕ್ಕೆ ಬೇಕಾದುದಕ್ಕಿಂತ ಬಹಳ ಹೆಚ್ಚೇ ಇವೆ.

1944ರಲ್ಲಿ ಮಾರ್ಸ್ಟನ್‌ಗೆ ಪೋಲಿಯೊ ತಗಲಿತು. ಅವರ ಬಳಿ ಕಲಿತಿದ್ದ ಜಾಯ್ ಹಮ್ಮೆಲ್ ಎಂಬ ಯುವತಿ ಕೈಜೋಡಿಸಿ, 70ಕ್ಕೂ ಹೆಚ್ಚು ಕಥೆಗಳನ್ನು ಬರೆದರು. ಪುಸ್ತಕದ ಮೇಲೆ ಅವರ ಹೆಸರು ಬರಲಿಲ್ಲ. 1947ರ ಮೇ 2ರಂದು, 54ನೇ ಹುಟ್ಟುಹಬ್ಬಕ್ಕೆ ಒಂದು ವಾರ ಇರುವಾಗ, ಮಾರ್ಸ್ಟನ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಎಲಿಜಬೆತ್ ಮತ್ತು ಆಲಿವ್ ಆಮೇಲೂ ದಶಕಗಳ ಕಾಲ ಒಟ್ಟಿಗೇ ಇದ್ದರು. ಎಲಿಜಬೆತ್ 100 ವರ್ಷ ಬಾಳಿ 1993ರಲ್ಲಿ ನಿಧನರಾದರು.

ಸಂಗ್ರಾಹಕರು ತಿಳಿದಿರಬೇಕಾದ್ದು

ಅಂದು 10 ಸೆಂಟಿಗೆ ಸಿಗುತ್ತಿದ್ದ ಆ ಸಂಚಿಕೆಗಳು ಒಳ್ಳೆಯ ಸ್ಥಿತಿಯಲ್ಲಿದ್ದರೆ ಇಂದು ಲಕ್ಷಗಟ್ಟಲೆ ಡಾಲರ್‌ಗೆ ಮಾರಾಟವಾಗುತ್ತವೆ. ಕಾರಣ ಹಳೆಯದು ಎಂಬುದಷ್ಟೇ ಅಲ್ಲ, ಉಳಿದಿರುವುದು ಕಡಿಮೆ. ಮಕ್ಕಳು ಓದಿ ಹರಿದರು, ಅಮ್ಮಂದಿರು ಎಸೆದರು, ಎರಡನೇ ಮಹಾಯುದ್ಧದಲ್ಲಿ ಹಳೆ ಕಾಗದ ಸಂಗ್ರಹಿಸುವ ಅಭಿಯಾನಗಳು ರಾಶಿಗಟ್ಟಲೆ ನುಂಗಿದವು.

ಉಳಿದವುಗಳಿಗೂ ರಸಾಯನಶಾಸ್ತ್ರವೇ ಶತ್ರು. ಕಾಮಿಕ್ಸ್ ಅಚ್ಚಾಗುತ್ತಿದ್ದುದು ಮರವನ್ನು ಅರೆದು ಮಾಡಿದ ಅಗ್ಗದ ಕಾಗದದಲ್ಲಿ. ಅದರಲ್ಲಿ ಉಳಿದಿರುವ ಲಿಗ್ನಿನ್ ಬೆಳಕು ಮತ್ತು ಆಮ್ಲಜನಕ ತಾಗಿ ಹಳದಿಯಾಗುತ್ತದೆ. ಕಾಗದದಲ್ಲಿರುವ ಆಮ್ಲ ಸೆಲ್ಯುಲೋಸ್ ಎಳೆಗಳನ್ನು ನಿಧಾನವಾಗಿ ತುಂಡರಿಸುತ್ತದೆ. ಅದಕ್ಕೇ ಹಳೆಯ ಪುಟ ಮಡಿಸಿದರೆ ಹಪ್ಪಳದಂತೆ ಮುರಿಯುತ್ತದೆ. ಬಿಸಿ ಮತ್ತು ತೇವ ಈ ಕ್ರಿಯೆಗೆ ವೇಗ ಕೊಡುತ್ತವೆ. ಮನೆಯಲ್ಲಿ ಹಳೆಯ ಚಂದಮಾಮ, ಅಮರ ಚಿತ್ರಕಥೆ ಇಟ್ಟುಕೊಂಡವರಿಗೂ ಇದೇ ಮಾತು ಅನ್ವಯಿಸುತ್ತದೆ: ಬಿಸಿಲು ಬೀಳದ, ತಂಪಾದ, ಒಣ ಜಾಗದಲ್ಲಿಡಿ, ಆಮ್ಲರಹಿತ ರಟ್ಟು ಮತ್ತು ಪಾಲಿಯೆಸ್ಟರ್ ಹೊದಿಕೆ ಬಳಸಿ, ಹರಿದಲ್ಲಿಗೆ ಸೆಲ್ಲೋ ಟೇಪ್ ಅಂಟಿಸಬೇಡಿ, ಅದರ ಅಂಟು ಕಾಗದದೊಳಗೆ ಇಳಿದು ಕಂದು ಕಲೆ ಬಿಡುತ್ತದೆ.

ಇನ್ನು ಕೆಲವು ನಂಬಿಕೆಗಳು:

ನಂಬಿಕೆ: ವಂಡರ್ ವುಮನ್ ಮೊದಲ ಮಹಿಳಾ ಸೂಪರ್ ಹೀರೊ.
ವಾಸ್ತವ: ಅಲ್ಲ. ಫ್ಯಾಂಟೋಮಾ ಮತ್ತು ವುಮನ್ ಇನ್ ರೆಡ್ 1940ರಲ್ಲೇ ಬಂದಿದ್ದರು. 1941ರಲ್ಲಿ ಟಾರ್ಪೆ ಮಿಲ್ಸ್ ಎಂಬ ಮಹಿಳೆಯೇ ಬರೆದು ಚಿತ್ರಿಸಿದ ಮಿಸ್ ಫ್ಯೂರಿ ಕೂಡ ವಂಡರ್ ವುಮನ್‌ಗಿಂತ ಹಿರಿಯಳು.

ನಂಬಿಕೆ: ಪರ್ಲ್ ಹಾರ್ಬರ್ ದಾಳಿಯ ನಂತರ ಅವಳ ಸೃಷ್ಟಿಯಾಯಿತು.
ವಾಸ್ತವ: ಸಂಚಿಕೆಯ ಮೇಲೆ ಡಿಸೆಂಬರ್ 1941–ಜನವರಿ 1942 ಎಂದಿದ್ದರೂ ಅದು ಅಂಗಡಿಗೆ ಬಂದದ್ದು 1941ರ ಅಕ್ಟೋಬರ್‌ನಲ್ಲಿ. ಹೆಚ್ಚು ದಿನ ಮಾರಾಟಕ್ಕಿರಲಿ ಎಂದು ಮುಂದಿನ ತಿಂಗಳುಗಳನ್ನು ಮುದ್ರಿಸುವುದು ರೂಢಿಯಾಗಿತ್ತು.

ನಂಬಿಕೆ: ಮೊದಲ ಸಂಚಿಕೆಯ ಮುಖಪುಟದಲ್ಲಿ ಅವಳಿರಲೇಬೇಕು.
ವಾಸ್ತವ: ಆಲ್ ಸ್ಟಾರ್ 8ರ ಮುಖಪುಟದಲ್ಲಿ ಅವಳಿಲ್ಲ. ಮುಖಪುಟಕ್ಕೆ ಬಂದದ್ದು ಸೆನ್ಸೇಷನ್ 1ರಲ್ಲಿ. ಈ ಸಂಚಿಕೆಯ ದೊಡ್ಡ ಗಾತ್ರದ ಮರುಮುದ್ರಣ 1970ರ ದಶಕದಲ್ಲಿ ಬಂದಿದೆ. ಅದರ ಹೊರಹೊದಿಕೆ ಕಿತ್ತು ಮೂಲಪ್ರತಿ ಎಂದು ಮಾರುವವರಿರುತ್ತಾರೆ. ಮೊದಲು ಅಳತೆ ನೋಡಿ.

ನಂಬಿಕೆ: ಅವಳ ಹಗ್ಗ ಮೊದಲಿನಿಂದಲೂ ಸತ್ಯದ ಹಗ್ಗ.
ವಾಸ್ತವ: ಮಾರ್ಸ್ಟನ್ ಬರೆದ ಕಥೆಗಳಲ್ಲಿ ಹಗ್ಗಕ್ಕೆ ಸಿಕ್ಕಿದವರು ಯಾವುದೇ ಆಜ್ಞೆಯನ್ನು ಪಾಲಿಸಬೇಕು, ನಿಜ ಹೇಳುವುದು ಅದರಲ್ಲೊಂದು. ಸತ್ಯವೇ ಅದರ ಮುಖ್ಯ ಗುಣವಾದದ್ದು ಬಹಳ ನಂತರ.

ನಂಬಿಕೆ: ಪಾಲಿಗ್ರಾಫ್ ಯಂತ್ರ ಮಾರ್ಸ್ಟನ್ ಅವರದು.
ವಾಸ್ತವ: ಅವರದು ರಕ್ತದೊತ್ತಡದ ಪರೀಕ್ಷೆ ಮಾತ್ರ. ಉಸಿರಾಟ, ನಾಡಿ, ರಕ್ತದೊತ್ತಡಗಳನ್ನು ಒಟ್ಟಿಗೆ ನಿರಂತರವಾಗಿ ದಾಖಲಿಸುವ ಯಂತ್ರವನ್ನು 1921ರಲ್ಲಿ ಕಟ್ಟಿದವರು ಕ್ಯಾಲಿಫೋರ್ನಿಯಾದ ಬರ್ಕ್ಲಿ ಪೊಲೀಸ್ ಇಲಾಖೆಯ ಜಾನ್ ಲಾರ್ಸನ್. ಅದನ್ನು ಬೆಳೆಸಿ ಹರಡಿದವರು ಲಿಯೊನಾರ್ಡ್ ಕೀಲರ್. ತಮ್ಮ ಯಂತ್ರ ಬಳಕೆಯಾದ ರೀತಿ ಕಂಡು ಲಾರ್ಸನ್ ಕೊನೆಗೆ ಪಶ್ಚಾತ್ತಾಪಪಟ್ಟರು.

ಬೆಂಗಳೂರಿನವರೆಗೆ ಬಂದ ಪ್ರಶ್ನೆ

ಹಾಗಾದರೆ ಪಾಲಿಗ್ರಾಫ್ ಸುಳ್ಳನ್ನು ಹಿಡಿಯುತ್ತದೆಯೇ? ಅದು ಹಿಡಿಯುವುದು ದೇಹದ ಉದ್ವೇಗವನ್ನು. ಒಂದು ಲೆಕ್ಕ ಮಾಡಿ ನೋಡೋಣ. 1000 ಜನರಿರುವ ಕಚೇರಿಯಲ್ಲಿ 5 ಮಂದಿ ಕಳ್ಳರಿದ್ದಾರೆ, ಯಂತ್ರ 100ಕ್ಕೆ 90 ಸಲ ಸರಿ ಹೇಳುತ್ತದೆ ಎಂದುಕೊಳ್ಳಿ. ಅದು ನಾಲ್ಕೈದು ಕಳ್ಳರನ್ನು ಹಿಡಿಯುತ್ತದೆ. ಜೊತೆಗೆ ಉಳಿದ 995 ಮಂದಿಯಲ್ಲಿ ಸುಮಾರು 100 ನಿರಪರಾಧಿಗಳನ್ನೂ ಕಳ್ಳರೆನ್ನುತ್ತದೆ. 1988ರಲ್ಲಿ ಅಮೆರಿಕ ಬಹುತೇಕ ಖಾಸಗಿ ಉದ್ಯೋಗಗಳಲ್ಲಿ ಈ ಪರೀಕ್ಷೆಯನ್ನು ಕಾನೂನಿನ ಮೂಲಕ ತಡೆಯಿತು. 2003ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ, ಭದ್ರತಾ ತಪಾಸಣೆಗೆ ಇದನ್ನು ನೆಚ್ಚುವಷ್ಟು ನಿಖರತೆ ಇಲ್ಲ ಎಂದಿತು. ಸಿಐಎಯಲ್ಲಿದ್ದುಕೊಂಡೇ ಸೋವಿಯತ್ ಒಕ್ಕೂಟಕ್ಕೆ ಗೂಢಚಾರಿಕೆ ಮಾಡುತ್ತಿದ್ದ ಆಲ್ಡ್ರಿಚ್ ಏಮ್ಸ್ ಎರಡು ಬಾರಿ ಪಾಲಿಗ್ರಾಫ್ ದಾಟಿದ್ದ.

ನಮ್ಮಲ್ಲಿ 2000ದ ದಶಕದಲ್ಲಿ ಇಂತಹ ಪರೀಕ್ಷೆಗಳಿಗೆ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ದೇಶದಲ್ಲೇ ಹೆಸರಾಗಿತ್ತು. ಆರೋಪಿಗಳ ಒಪ್ಪಿಗೆಯಿಲ್ಲದೆ ಪಾಲಿಗ್ರಾಫ್, ಮಂಪರು ಪರೀಕ್ಷೆ, ಮೆದುಳಿನ ನಕ್ಷೆ ಪರೀಕ್ಷೆ ನಡೆಸಬಹುದೇ ಎಂಬ ಪ್ರಶ್ನೆ ಸೆಲ್ವಿ ಮತ್ತು ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂತು. 2010ರ ಮೇ 5ರಂದು ಮೂವರು ನ್ಯಾಯಮೂರ್ತಿಗಳ ಪೀಠ, ಬಲವಂತದ ಪರೀಕ್ಷೆ ಸಂವಿಧಾನದ 20(3) ಮತ್ತು 21ನೇ ವಿಧಿಗಳಿಗೆ ವಿರುದ್ಧ ಎಂದು ಹೇಳಿತು. ಮನಸಾರೆ ಒಪ್ಪಿದವರ ಮೇಲೆ, ನಿಯಮಗಳನ್ನು ಪಾಲಿಸಿ ಮಾತ್ರ ನಡೆಸಬಹುದು. ಆಗಲೂ ಫಲಿತಾಂಶವೇ ಸಾಕ್ಷ್ಯವಾಗದು. ಈ ತೀರ್ಪು ಚರ್ಚಿಸಿದ ವಿದೇಶಿ ಪ್ರಕರಣಗಳಲ್ಲಿ ಫ್ರೈ ಪ್ರಕರಣವೂ ಒಂದು.

ಇಂದಿಗೂ ಸುದ್ದಿವಾಹಿನಿಗಳಲ್ಲಿ ಆರೋಪಿ ಸುಳ್ಳು ಪತ್ತೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಎಂಬ ಸಾಲು ಆಗಾಗ ಓಡುತ್ತದೆ. ಮುಂದಿನ ಸಲ ಅದನ್ನು ಕಂಡಾಗ, ಯಂತ್ರ ಅಳೆದದ್ದು ಸುಳ್ಳನ್ನೋ ಭಯವನ್ನೋ ಎಂದು ಒಮ್ಮೆ ಕೇಳಿಕೊಳ್ಳೋಣ. ಹಗ್ಗ ಸುತ್ತಿದೊಡನೆ ನಿಜ ಹೊರಬರುವುದು ಮಾರ್ಸ್ಟನ್ ಅವರ ಕಾಮಿಕ್ಸ್‌ನಲ್ಲಿ ಮಾತ್ರ. ತೋಳಿಗೆ ಕಟ್ಟುವ ಪಟ್ಟಿಯಂತೂ ರಕ್ತದೊತ್ತಡವನ್ನು ಚೆನ್ನಾಗಿಯೇ ಹೇಳುತ್ತದೆ. 30 ದಾಟಿದವರು ವರ್ಷಕ್ಕೊಮ್ಮೆಯಾದರೂ ಅದನ್ನು ಕಟ್ಟಿಸಿಕೊಳ್ಳುವುದು ಒಳ್ಳೆಯದು.